ಹೆಬ್ಬಾತುಗಳ ಸಾಕುತಾಯಿ ಕಾನ್ರಾಡ್ ಲೊರೆಂಜ್

ಆಸ್ಟ್ರಿಯಾ ದೇಶದ ರಾಜಧಾನಿಯಾದ ವಿಯೆನ್ನಾ ನಗರಕ್ಕೆ ಅನತಿದೂರದಲ್ಲಿ, ಡ್ಯಾನ್ಯೂಬ್ ನದಿಯ ದಂಡೆಯಲ್ಲಿ, ಆಲ್ಟೆನ್‌ಬರ್ಗ್ ಎಂಬ ಗ್ರಾಮವಿದೆ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಈ ಗ್ರಾಮದ ಭವ್ಯ ಸೌಧವೊಂದು ಅಡಾಲ್ಫ್ ಲೊರೆಂಜ್ ಎಂಬ ವೈದ್ಯವರ್ಯರಿಗೆ ಸೇರಿದ್ದಿತು. ಹುಟ್ಟಿನಿಂದಲೇ ಸೊಂಟದ ಕೀಲು ತಪ್ಪಿದ ಮಕ್ಕಳನ್ನು ಶಸ್ತ್ರ ಸೋಕಿಸದೆ, ಕೇವಲ ಹಸ್ತಕೌಶಲದಿಂದ ಗುಣಪಡಿಸುವುದರಲ್ಲಿ ಅವರು ಜಗದ್ವಿಖ್ಯಾತರು. ಅಂದಿನ ಶಸ್ತ್ರಚಿಕಿತ್ಸೆಯಲ್ಲಿ ಬಳಸುತ್ತಿದ್ದ ಕಾರ್ಬಾಲಿಕ್ ಆಮ್ಲವು ಅವರ ಚರ್ಮಕ್ಕೆ ಒಗ್ಗದೆ ಹೋದುದೇ ಈ ನೂತನ ಮಾರ್ಗಕ್ಕೆ ಕಾರಣವಾಯಿತು. ಇಂತಹ ತಂದೆಯ 49ನೆಯ ವಯಸ್ಸಿನಲ್ಲಿ, 1903ನೆಯ ಇಸವಿ ನವೆಂಬರ್ 7ರಂದು, ವಿಯೆನ್ನಾದಲ್ಲಿ ಜನಿಸಿದ ಮಗನೇ ಕಾನ್ರಾಡ್. ಅಣ್ಣ ಆಲ್ಬರ್ಟ್ ಆ ವೇಳೆಗೆ ಪ್ರಾಯಕ್ಕೆ ಬಂದಿದ್ದನು. ಹೀಗೆ ತಡವಾಗಿ ಬಂದ ಕೂಸಿನ ಮೇಲೆ ಮನೆಯವರಿಗೆ ಎಷ್ಟು ಅಕ್ಕರೆಯಿದ್ದಿತೆಂಬುದನ್ನು ಹೇಳಬೇಕಾಗಿಲ್ಲ.

ಬಾಲಕನ ಪ್ರಾಣಿಪ್ರೇಮಕ್ಕೆ ಮನೆಯಲ್ಲಿ ಅಡ್ಡಿಯಿರಲಿಲ್ಲ. ತಂದೆತಾಯಿಗಳ ಸಹನೆ ದೊಡ್ಡದು. ದಾದಿ ರೆಸಿ ಫ್ಯೂರಿಂಗರ್ ಅವರ ನೆರವು ಅದಕ್ಕಿಂತ ದೊಡ್ಡದು. ಒಕ್ಕಲು ಮನೆತನದ ಆಕೆಯ ಕೈಗೆ ಮರಿಗಳನ್ನು ಬದುಕಿಸುವ ಗುಣವಿದ್ದಿತು. ಒಮ್ಮೆ ತಂದೆಯವರು ಕಾಡಿನಿಂದ ಸಾಲಮಾಂಡರ್ ಎಂಬ, ಹಲ್ಲಿಯನ್ನು ಹೋಲುವ ಉಭಯಚರ ಪ್ರಾಣಿಯೊಂದನ್ನು ತಂದು, ಐದು ದಿನಗಳ ನಂತರ ಬಿಟ್ಟುಬಿಡಬೇಕೆಂಬ ಕರಾರಿನ ಮೇಲೆ ಮಗನ ಕೈಗಿತ್ತರು. ಅದು ಅಷ್ಟರಲ್ಲಿಯೇ 44 ಮರಿಗಳನ್ನು ಹಾಕಿತು. ಅವುಗಳಲ್ಲಿ 12ನ್ನು ರೆಸಿ ಪೂರ್ಣ ಬೆಳವಣಿಗೆಯವರೆಗೆ ಸಾಕಿದರು. ಸಾಕುವ ಕಲೆಯಲ್ಲಿ ಕಾನ್ರಾಡನ ಮೊದಲ ಗುರು ಆ ಹೆಣ್ಣುಮಗಳೇ ಎನ್ನಬೇಕು.

ಸ್ವೀಡನ್ನಿನ ಲೇಖಕಿ ಸೆಲ್ಮಾ ಲಾಗರ್‌ಲಾಫ್ ಅವರು ಬರೆದ ಕಥೆಯೊಂದರಲ್ಲಿ ನಿಲ್ಸ್ ಎಂಬ ಹುಡುಗನು ಕಾಡು ಹೆಬ್ಬಾತುಗಳೊಡನೆ ದೇಶಪರ್ಯಟನ ಮಾಡುತ್ತಾನೆ. ಆ ಕಥೆ ಬಾಲಕನ ಮನಸ್ಸನ್ನು ಸೂರೆಗೊಂಡಿತು. ತಾನೇ ಹೆಬ್ಬಾತಾಗಬೇಕೆಂಬ ಹಂಬಲ ಮೊದಲು. ಅದು ಆಗದ ಮಾತೆಂದು ತಿಳಿದ ಮೇಲೆ ಹೆಬ್ಬಾತೊಂದು ತನ್ನದಾಗಬೇಕೆಂಬ ಹಂಬಲ. ಅದೂ ಕೈಗೂಡದಿರಲು ಮನೆಬಾತಿನಿಂದಲೇ ತೃಪ್ತಿ. ನೆರೆಯವರಿಂದ ಒಂದು ದಿನದ ಬಾತುಮರಿಯೊಂದು ದೊರೆಯಿತು. ಆ ಮರಿ ಅವನನ್ನೇ ತಾಯಿಯೆಂದು ಬಗೆದು ಅವನು ಹೋದಲ್ಲೆಲ್ಲ ಹಿಂಬಾಲಿಸತೊಡಗಿತು. ಆಟದ ಗೆಳತಿ, ಅವನಿಗಿಂತ ಮೂರು ವರ್ಷ ಹಿರಿಯಳಾದ ಮಾರ್ಗರೆಟೆಗೂ ಒಂದು ಮರಿ ದೊರೆತಿದ್ದಿತು. ಮುಂದೆ 1927ರಲ್ಲಿ ಅವರಿಬ್ಬರೂ ವಿವಾಹವಾದರು. ಅಂದು ಬಾತುಮರಿ ತನಗೆ ಅಂಟಿಕೊಂಡುದಕ್ಕಿಂತ ತಾನು ಬಾತುಗಳ ಕುಲಕ್ಕೆ ಅಂಟಿಕೊಂಡುದೇ ಹೆಚ್ಚು ಗಟ್ಟಿಯಾದುದೆಂದು ಲೊರೆಂಜ್ ವಾರ್ಧಕ್ಯದಲ್ಲಿ ವಿನೋದವಾಗಿ ಹೇಳಿಕೊಂಡುದುಂಟು.

ಮರಿಗಳು ಹೀಗೆ ಮನುಷ್ಯರ ಬೆನ್ನು ಹತ್ತುವ ಸಂಗತಿ ಲೋಕಕ್ಕೆ ಹೊಸದೇನೂ ಆಗಿರಲಿಲ್ಲ. ತತ್ತ್ವಜ್ಞಾನಿಯೊಬ್ಬನನ್ನು ಬಿಟ್ಟಗಲದ ಹೆಬ್ಬಾತಿನ ವೃತ್ತಾಂತವನ್ನು ರೋಮಿನ ಪ್ಲಿನಿ ಬರೆದಿದ್ದಾನೆ. ತಾಯಿಯಿಲ್ಲದೆ ಕಾವಿನಲ್ಲಿ ಹುಟ್ಟಿದ ಕೋಳಿಮರಿಗಳು ಮನುಷ್ಯರನ್ನೇ ತಾಯೆಂದು ಹಿಂಬಾಲಿಸುವುದನ್ನು ಇಂಗ್ಲೆಂಡಿನ ಥಾಮಸ್ ಮೋರ್ 1516ರಲ್ಲಿ ಪ್ರಕಟವಾದ ತಮ್ಮ ಯುಟೋಪಿಯಾ ಗ್ರಂಥದಲ್ಲಿ ಪ್ರಸ್ತಾಪಿಸಿದ್ದಾರೆ. ಶಾಸ್ತ್ರೀಯವಾಗಿ ಪರೀಕ್ಷಿಸಿದವರಲ್ಲಿ ಮೊದಲಿಗನು ಡಗ್ಲಾಸ್ ಸ್ಪಾಲ್ಡಿಂಗ್. ಈತನು ಕೋಳಿಮರಿಗಳು ಮೊಟ್ಟೆಯೊಡೆದು ಬರುತ್ತಲೇ ಅವುಗಳ ತಲೆಗೆ ಕುಲಾವಿ ತೊಡಿಸಿ ಕಣ್ಣು ಮುಚ್ಚಿದನು. ಬೇಗ ಕುಲಾವಿ ತೆಗೆದ ಮರಿಗಳು ಅವನನ್ನು ಹಿಂಬಾಲಿಸಿದವು. ನಾಲ್ಕು ದಿನಗಳಷ್ಟು ತಡೆದು ತೆಗೆದವು ಅವನನ್ನು ಕಂಡು ಹೆದರಿ ಓಡಿದವು. 1873ರಲ್ಲಿ ಇದನ್ನು ಪ್ರಕಟಿಸಿದ ಸ್ಪಾಲ್ಡಿಂಗ್ 1877ರಲ್ಲಿ ಅಕಾಲ ಮರಣಕ್ಕೆ ತುತ್ತಾದನು. ಜಗತ್ತು ಅವನನ್ನು ಮರೆಯಿತು. ಮುಂದೆ ಭಾರತದಲ್ಲಿಯೇ ನೆಲೆಸಿ ಭುವನೇಶ್ವರದಲ್ಲಿ ದೇಹವಿಟ್ಟ ಜೆ. ಬಿ. ಎಸ್. ಹಾಲ್ಡೇನ್ ಅವರು 1954ರಲ್ಲಿ ಆ ಲೇಖನವನ್ನು ಪುನಃ ಬೆಳಕಿಗೆ ತಂದರು. ಬರ್ಲಿನ್ನಿನ ಓಸ್ಕರ್ ಹೈನ್‌ರೋತ್ ಅವರು ಕಾವುಪೆಟ್ಟಿಗೆಯಲ್ಲಿ ಹುಟ್ಟಿದ ಹೆಬ್ಬಾತುಮರಿಗಳ ನಡತೆಯನ್ನು 1911ರಲ್ಲಿ ವರ್ಣಿಸಿದ್ದರು. ಲೊರೆಂಜ್ ಅವರು ಗುರುವೆಂದು ಕಂಡದ್ದು ಈ ಹೈನ್‌ರೋತರನ್ನು.

ತಂದೆಯ ಇಚ್ಛೆಯಂತೆ ಲೊರೆಂಜ್ 1922ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ತೆರಳಿದರಾದರೂ ಅಲ್ಲಿ ನಿಲ್ಲಲಿಲ್ಲ. ವಿಯೆನ್ನಾದಲ್ಲಿಯೇ 1928ರಲ್ಲಿ ವೈದ್ಯ ಪದವಿಯನ್ನೂ 1933ರಲ್ಲಿ ಪ್ರಾಣಿಶಾಸ್ತ್ರದ ಡಾಕ್ಟರೇಟನ್ನೂ ಪಡೆದರು. ಹೊಚ್ಸ್ಟೆಟ್ಟರ್ ಎಂಬ ಅಂಗರಚನಾಶಾಸ್ತ್ರಜ್ಞರ ಬಳಿ ಸಹಾಯಕರಾಗಿದ್ದಾಗ ಎಲುಬುಗಳನ್ನು ತೌಲನಿಕವಾಗಿ ನೋಡುವ ಶಿಸ್ತು ದೊರೆಯಿತು. ಪ್ರಾಣಿಗಳ ಅಂಗಗಳನ್ನು ಹೋಲಿಸಿ ಬಾಂಧವ್ಯವನ್ನು ಗುರುತಿಸುವಂತೆಯೇ ಅವುಗಳ ನಡತೆಯನ್ನು ಹೋಲಿಸಿಯೂ ಗುರುತಿಸಬಹುದೆಂಬ ಹೊಳಹು ಅಲ್ಲಿಯೇ ಮೂಡಿತು.

ಇದೇ ಕಾಲದಲ್ಲಿ ಮನೆಯ ಅಟ್ಟದಲ್ಲಿ ಜಾಕ್ಡಾ ಎಂಬ, ಕಾಗೆಯ ಬಳಗದ ಕಿರುಪಕ್ಷಿಗಳ ಸಂಸಾರ ಬೆಳೆಯುತ್ತಿದ್ದಿತು. ಅವುಗಳಲ್ಲಿ ಮೊದಲನೆಯದಾದ ಜಾಕ್ ವಿಯೆನ್ನಾದ ಅಂಗಡಿಯೊಂದರಿಂದ ತಂದ ಮರಿ. ಬಾಯಿ ತೆರೆದು ಗುಟುಕು ಬೇಡುತ್ತಿದ್ದ ಅದನ್ನು ಕಂಡು ಕನಿಕರಪಟ್ಟು ಕೊಂಡುದಷ್ಟೆ. ಆದರೆ ಅದರ ಬಾಳು ಶಾಸ್ತ್ರಕ್ಕೇ ಒಂದು ಪಾಠವಾಯಿತು. ಮನುಷ್ಯರ ಕೈಯಲ್ಲಿ ಬೆಳೆದ ಆ ಹಕ್ಕಿ ಮನೆಯ ಕೆಲಸದಾಕೆಯಲ್ಲಿ ಅನುರಕ್ತವಾಯಿತು. ಆಕೆ ಮದುವೆಯಾಗಿ ನೆರೆಯೂರಿಗೆ ಹೋದಾಗ ಅದೂ ಅಲ್ಲಿಗೇ ಹೋಯಿತು. ಹಾರಾಟಕ್ಕೆ ಮಾತ್ರ ಬೂದುಮೈಯ ಕಾಗೆಗಳೇ ಅದಕ್ಕೆ ಸಂಗಾತಿಗಳು. ಮರಿಯೆಂದು ಗುಟುಕು ಕೊಡಲು ಸ್ವಜಾತಿಯ ಎಳೆಯ ಜಾಕ್ಡಾವೇ ಆಗಬೇಕಾಯಿತು. ಪ್ರಣಯಕ್ಕೆ ಒಂದು ಜಾತಿ, ಪಯಣಕ್ಕೆ ಇನ್ನೊಂದು, ವಾತ್ಸಲ್ಯಕ್ಕೆ ಮತ್ತೊಂದು! ಪಕ್ಷಿಯ ಮನಸ್ಸಿನಲ್ಲಿ ಒಡನಾಡಿಯ ಒಂದೇ ಅಖಂಡ ರೂಪವಿಲ್ಲ. ಒಂದೊಂದು ವ್ಯವಹಾರಕ್ಕೆ ಒಂದೊಂದು ಕಾಲದಲ್ಲಿ ಒಬ್ಬೊಬ್ಬ ಒಡನಾಡಿ ನಿಶ್ಚಿತವಾಗುತ್ತಾನೆ ಎಂಬುದನ್ನು ಲೊರೆಂಜ್ ಇದರಿಂದ ಗ್ರಹಿಸಿದರು.

ಬಳಿಕ ಬಂದುದು ಬೂದು ಹೆಬ್ಬಾತು. ಪ್ರಾಣಿಶಾಸ್ತ್ರಜ್ಞರು ಈ ಕುಲಕ್ಕೆ ಇಟ್ಟಿರುವ ಲ್ಯಾಟಿನ್ ಹೆಸರು ಆನ್ಸರ್. ಆ ಶಬ್ದವೂ ಜರ್ಮನ್ನಿನ ಗಾನ್ಸ್ ಶಬ್ದವೂ ಸಂಸ್ಕೃತದ ಹಂಸ ಶಬ್ದವೂ ಒಂದೇ ಧಾತುವಿನ ಕವಲುಗಳು. ಪ್ರಾಚೀನ ಕವಿಗಳ ಹಂಸ ಹೆಬ್ಬಾತೇ ಎಂಬುದು ಹಲವು ವಿದ್ವಾಂಸರ ಮತ. ಚಳಿಗಾಲದಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬಂದಿಳಿಯುವ ಪಟ್ಟೆತಲೆಯ ಹೆಬ್ಬಾತುಗಳನ್ನು ಕಂಡವರಿಗೆ ಲೊರೆಂಜರ ಹಕ್ಕಿಗಳ ಗಾತ್ರ, ನಡೆ, ಪಂಕ್ತಿಬದ್ಧವಾದ ಹಾರಾಟಗಳನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ.

ಲೊರೆಂಜ್ ಅವರು ಮಾರ್ಟಿನಾ ಎಂದು ಹೆಸರಿಟ್ಟ ಹೆಬ್ಬಾತುಮರಿ ಮೊಟ್ಟೆಯೊಡೆದು ಹೊರಬಂದು, ಕೊರಳನ್ನು ಓರೆಮಾಡಿ ಅವರನ್ನು ದಿಟ್ಟಿಸಿ ನೋಡಿತು. ಅವರು ಅಲುಗಿದೊಡನೆ, ಒಂದು ಮಾತನ್ನಾಡಿದೊಡನೆ, ಕೊರಳು ಚಾಚಿ ವಂದನೆಯ ದನಿಗೈಯಿತು. ಅಲ್ಲಿಗೆ ಎಲ್ಲವೂ ಮುಗಿದುಹೋಯಿತು! ಅವರು ಅದನ್ನು ಸಾಕುಹೆಬ್ಬಾತಿನ ರೆಕ್ಕೆಯಡಿ ಸೇರಿಸಿ ಹಿಂದಿರುಗಿದರೆ, ಮರಿ ಹೊರಗೆ ನುಸುಳಿ, ಅಳುತ್ತ, ಮುಗ್ಗರಿಸುತ್ತ ಅವರ ಹಿಂದೆಯೇ ಬಂದಿತು. ಕಲ್ಲೆದೆಯಾದರೂ ಕರಗಬೇಕು. ಅಂದಿನಿಂದ ಮರಿಯ ಹಾಸಿಗೆ ಅವರ ಮಲಗುವ ಕೋಣೆಯಲ್ಲಿಯೇ. ಇರುಳಿನಲ್ಲಿ ಆಗಾಗ ಎಚ್ಚತ್ತು, ತಾಯಿ ಇರುವಳೇ ಎಂದು ಕೇಳುವಂತೆ ಅದು ಕೂಗುವುದು. ಲೊರೆಂಜ್ ನಿದ್ದೆಗಣ್ಣಿನಲ್ಲಿಯೇ ಹೆಬ್ಬಾತಿನ ದನಿಯಲ್ಲಿ ಉತ್ತರಿಸುವುದು. ಉತ್ತರ ಬಾರದಿದ್ದರೆ ರೋದನವೇ. ಹೀಗೆ ಅಪರಾತ್ರಿಯಲ್ಲಿ ಎದ್ದೆದ್ದು ಮಕ್ಕಳನ್ನು ಸಂತೈಸಿದ ತಾಯಂದಿರಿಗೆ ಈ ವಿದ್ವಾಂಸರ ಪಾಡು ಚೆನ್ನಾಗಿ ಅರ್ಥವಾದೀತು.

ಬಾತುಮರಿಗಳ ವಿಷಯದಲ್ಲಿ ಮತ್ತೊಂದು ತೊಡಕು. ಮಲ್ಲಾರ್ಡ್ ಎಂಬ ಕಾಡುಬಾತಿನ ಮರಿಗಳು ಮೌನವಾಗಿ ನಿಂತ ಮನುಷ್ಯನನ್ನು ತಾಯಿಯೆಂದು ಒಪ್ಪಲಿಲ್ಲ. ಅವುಗಳಿಗೆ ಬೇಕಾದುದು ತಾಯಿಯ ದನಿಯೆಂದು ಊಹಿಸಿದ ಲೊರೆಂಜ್, ಕುಕ್ಕರಗಾಲಿನಲ್ಲಿ ತೆವಳುತ್ತ ಎಡೆಬಿಡದೆ ಕ್ವಾಕ್ ಕ್ವಾಕ್ ಎನ್ನತೊಡಗಿದರು. ಮರಿಗಳು ಸಾಲುಗಟ್ಟಿ ಹಿಂದೆ ಬಂದವು. ಕ್ರೈಸ್ತರ ಹಬ್ಬದ ಭಾನುವಾರವೊಂದರಂದು ತೋಟದಲ್ಲಿ ಈ ಮೆರವಣಿಗೆ ಸಾಗಿದ್ದಾಗ ತಲೆಯೆತ್ತಿ ನೋಡಿದರೆ, ಬೇಲಿಯಾಚೆ ಪ್ರವಾಸಿಗರ ಗುಂಪು ಬಿಳಿಚಿದ ಮುಖ ಹೊತ್ತು ನಿಂತಿದೆ! ಮರಿಗಳೆಲ್ಲ ಎತ್ತರವಾದ ಹುಲ್ಲಿನಲ್ಲಿ ಮರೆಯಾಗಿದ್ದವು. ಅವರಿಗೆ ಕಂಡುದು ಗಡ್ಡಧಾರಿಯಾದ ಗೃಹಸ್ಥನೊಬ್ಬನು ಬಾತಿನಂತೆ ಕೂಗುತ್ತ ಹುಲ್ಲಿನಲ್ಲಿ ತೆವಳುವ ನೋಟ ಮಾತ್ರ.

1935ರಲ್ಲಿ ಜರ್ಮನಿಯ ಪಕ್ಷಿಶಾಸ್ತ್ರ ಪತ್ರಿಕೆಯಲ್ಲಿ, ಪಕ್ಷಿಯ ಲೋಕದಲ್ಲಿ ಒಡನಾಡಿಯ ಸ್ಥಾನವನ್ನು ಕುರಿತ ಅವರ ಸುದೀರ್ಘ ಪ್ರಬಂಧ ಪ್ರಕಟವಾಯಿತು. ಮರಿಯ ಮನಸ್ಸಿನಲ್ಲಿ ತಾಯಿಯ ರೂಪ ನೆಲೆಗೊಳ್ಳುವ ಕ್ರಿಯೆಗೆ ಅವರು ಬಳಸಿದ ಜರ್ಮನ್ ಶಬ್ದ ಪ್ರೇಗುಂಗ್. ಟಂಕಸಾಲೆಯಲ್ಲಿ ನಾಣ್ಯಕ್ಕೆ ಮುದ್ರೆಯೊತ್ತುವುದೆಂಬುದು ಅದರ ವಾಚ್ಯಾರ್ಥ. ಕನ್ನಡದಲ್ಲಿ ಅಚ್ಚೊತ್ತುವಿಕೆ ಎಂದರೆ ಸಾಕು. ಹುಟ್ಟಿದಾಗಲೇ ಕಣ್ತೆರೆದು ನಡೆದಾಡಬಲ್ಲ ಹೆಬ್ಬಾತು, ಬಾತು, ಕೋಳಿಗಳ ಮರಿಗಳಿಗೆ ತಾಯಿಯ ಬೆನ್ನು ತಪ್ಪಿದರೆ ಪ್ರಾಣವೇ ಹೋದಂತೆ. ಆದರೆ ತಾಯಿ ಯಾರೆಂಬ ಅರಿವನ್ನು ಅವು ಮೊಟ್ಟೆಯಿಂದ ಹೊತ್ತು ತರುವುದಿಲ್ಲ. ಹಿಂಬಾಲಿಸಬೇಕೆಂಬ ಪ್ರವೃತ್ತಿ ಹುಟ್ಟಿನಿಂದ ಬಂದುದು. ಯಾರನ್ನು ಎಂಬುದು ಮೊದಲ ನೋಟದಿಂದ ಬರತಕ್ಕದ್ದು. ಈ ಅಚ್ಚು ಬೀಳುವುದು ಜೀವನದ ಅತ್ಯಲ್ಪ ಅವಧಿಯಲ್ಲಿ ಮಾತ್ರ, ಬಿದ್ದ ಮೇಲೆ ಅಳಿಸಲಾಗದು, ಇನ್ನೂ ತಲೆದೋರದ ಮುಂದಿನ ಪ್ರಣಯದ ಆಯ್ಕೆಯನ್ನೂ ಅದು ನಿರ್ಧರಿಸಬಲ್ಲದು ಎಂದು ಲೊರೆಂಜ್ ಪ್ರತಿಪಾದಿಸಿದರು.

1936ರಲ್ಲಿ ಹಾಲೆಂಡಿನ ಲೈಡನ್ ನಗರದಲ್ಲಿ ನಿಕೊ ಟಿನ್‌ಬರ್ಗೆನ್ ಅವರ ಪರಿಚಯವಾಯಿತು. ಲೊರೆಂಜ್ ಊಹಾಶಾಲಿ, ಟಿನ್‌ಬರ್ಗೆನ್ ಪ್ರಯೋಗಪಟು. ಮರುವರ್ಷ ಆಲ್ಟೆನ್‌ಬರ್ಗಿನಲ್ಲಿ ಇಬ್ಬರೂ ಕೂಡಿ, ಗೂಡಿನಿಂದ ಉರುಳಿದ ಮೊಟ್ಟೆಯನ್ನು ಹೆಬ್ಬಾತು ಕೊಕ್ಕಿನಿಂದ ಒಳಗೆಳೆದುಕೊಳ್ಳುವ ಬಗೆಯನ್ನು ಪರೀಕ್ಷಿಸಿದರು. ನಡುವೆ ಮೊಟ್ಟೆಯನ್ನು ತೆಗೆದುಬಿಟ್ಟರೂ ಹಕ್ಕಿ ಬರಿಯ ಗಾಳಿಯನ್ನೇ ಕೊನೆಯವರೆಗೆ ಎಳೆಯುತ್ತಿದ್ದಿತು.

ಇಲ್ಲಿಂದ ಮುಂದಿನ ಕಥೆಯನ್ನು ಹಂಸಕ್ಕೆ ಆರೋಪಿಸಿರುವ ಕ್ಷೀರನೀರ ವಿವೇಕದಿಂದಲೇ ನೋಡಬೇಕು. 1938ರ ಮಾರ್ಚ್ ತಿಂಗಳಲ್ಲಿ ಹಿಟ್ಲರನ ಜರ್ಮನಿ ಆಸ್ಟ್ರಿಯಾವನ್ನು ನುಂಗಿತು. ಅದೇ ವರ್ಷದ ಜೂನ್ ತಿಂಗಳಲ್ಲಿ ಲೊರೆಂಜ್ ನಾತ್ಸಿ ಪಕ್ಷದ ಸದಸ್ಯತ್ವಕ್ಕೆ ಅರ್ಜಿ ಸಲ್ಲಿಸಿದರು. ಯಾರೂ ಅವರ ಕೊರಳು ಹಿಡಿದು ಬರೆಸಿದ ಅರ್ಜಿಯಲ್ಲ ಅದು. ಕಾಡು ಹೆಬ್ಬಾತಿಗೂ ಸಾಕುಹೆಬ್ಬಾತಿಗೂ ಇರುವ ಅಂತರವನ್ನು ಅವರು ಬಲ್ಲವರಾಗಿದ್ದರು: ಸಾಕಿದ ಹಕ್ಕಿಯಲ್ಲಿ ಮೈ ಕೊಬ್ಬುತ್ತದೆ, ಜೋಡಿಯ ನಿಷ್ಠೆ ಸಡಿಲುತ್ತದೆ. ಇಷ್ಟು ಪಕ್ಷಿಶಾಸ್ತ್ರ. 1940ರ ಲೇಖನದಲ್ಲಿ ಅವರು ಇದನ್ನು ಮನುಷ್ಯರಿಗೆ ಅನ್ವಯಿಸಿ, ನಾಗರಿಕತೆಯಿಂದ ಕುಲ ಕೆಡುತ್ತಿದೆಯೆಂದೂ ಕೀಳಾದವರನ್ನು ಬೇರ್ಪಡಿಸಿ ತೆಗೆಯುವುದು ಜನಾಂಗದ ಆರೋಗ್ಯಕ್ಕೆ ಅವಶ್ಯವೆಂದೂ, ಆಳುವವರ ಪರಿಭಾಷೆಯಲ್ಲಿಯೇ ಬರೆದರು. ಇದು ಶಾಸ್ತ್ರವಲ್ಲ. ಅದೇ ವರ್ಷ ಕೊನಿಗ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ, ಒಂದು ಕಾಲಕ್ಕೆ ಕಾಂಟ್ ಮಹಾಶಯರು ಅಲಂಕರಿಸಿದ್ದ ಪೀಠದ ಉತ್ತರಾಧಿಕಾರ ಅವರಿಗೆ ಲಭಿಸಿತು. 1942ರ ಸುಮಾರಿಗೆ ಪೋಲೆಂಡಿನ ಪೋಸೆನ್ ನಗರದಲ್ಲಿ ಸೈನ್ಯದ ವೈದ್ಯರಾಗಿದ್ದಾಗ, ಜರ್ಮನ್ ಮತ್ತು ಪೋಲಿಷ್ ರಕ್ತ ಬೆರೆತವರನ್ನು ಮನಶ್ಶಾಸ್ತ್ರದ ಹೆಸರಿನಲ್ಲಿ ಅಳೆಯುವ ಕಾರ್ಯದಲ್ಲಿಯೂ ಅವರು ಪಾಲುಗೊಂಡರು.

ಲೊರೆಂಜರ ಶಾಲಾದಿನಗಳ ಆಪ್ತಮಿತ್ರ, ಜಲಚರಗಳನ್ನು ಸಾಕುವುದರಲ್ಲಿ ಅವರ ಜೊತೆಗಾರ, ಬರ್ನ್‌ಹಾರ್ಡ್ ಹೆಲ್‌ಮನ್ ಯೆಹೂದ್ಯರು. ಅವರು ಸೊಬಿಬೋರ್ ಎಂಬ ನಾತ್ಸಿ ಮರಣಶಿಬಿರದಲ್ಲಿ ಹತರಾದರು. ಟಿನ್‌ಬರ್ಗೆನ್ ಅವರಾದರೋ, ಯೆಹೂದ್ಯ ಪ್ರಾಧ್ಯಾಪಕರನ್ನು ಲೈಡನ್ ವಿಶ್ವವಿದ್ಯಾಲಯದಿಂದ ತೆಗೆದುದನ್ನು ಪ್ರತಿಭಟಿಸಿ 1942ರಿಂದ ಎರಡು ವರ್ಷ ಒತ್ತೆಯಾಳುಗಳ ಶಿಬಿರದಲ್ಲಿ ಸೆರೆಯಾಗಿದ್ದರು. ಒಂದೇ ಹಕ್ಕಿಯ ಮುಂದೆ ಕುಳಿತು ಒಂದೇ ಶಾಸ್ತ್ರವನ್ನು ಕಟ್ಟಿದ ಇಬ್ಬರು ಮಿತ್ರರು ಇಷ್ಟು ಬೇರೆ ದಾರಿಗಳನ್ನು ಹಿಡಿದರು.

1944ರ ಜೂನ್ ತಿಂಗಳಲ್ಲಿ ವಿಟೆಬ್ಸ್ಕ್ ಬಳಿ ರಷ್ಯನ್ನರು ಲೊರೆಂಜರನ್ನು ಸೆರೆಹಿಡಿದರು. ಮುಂದಿನ ಸುಮಾರು ನಾಲ್ಕು ವರ್ಷ ಶಿಬಿರದಿಂದ ಶಿಬಿರಕ್ಕೆ ಅಲೆದಾಟ. ಆರ್ಮೇನಿಯಾದಲ್ಲಿ ಸಿಮೆಂಟ್ ಚೀಲದ ಕಾಗದವನ್ನು ಕತ್ತರಿಸಿ, ಪೊಟ್ಯಾಸಿಯಂ ಪರ್ಮಾಂಗನೇಟನ್ನು ಮಸಿಯಾಗಿ ಮಾಡಿಕೊಂಡು ಒಂದು ಬೃಹದ್ಗ್ರಂಥವನ್ನು ಬರೆದರು. 1948ರ ಫೆಬ್ರವರಿಯಲ್ಲಿ ಆಲ್ಟೆನ್‌ಬರ್ಗಿಗೆ ಮರಳಿದಾಗ ಅವರ ಬಳಿ ಆ ಹಸ್ತಪ್ರತಿಯೂ, ಗೊರವಂಕದ ಬಳಗಕ್ಕೆ ಸೇರಿದ ಒಂದು ಸಾಕಿದ ಸ್ಟಾರ್ಲಿಂಗ್ ಹಕ್ಕಿಯೂ ಇದ್ದವು. ಮರುವರ್ಷ ಕೇಂಬ್ರಿಜ್ಜಿನ ಸಮ್ಮೇಳನದ ಸಂದರ್ಭದಲ್ಲಿ ಟಿನ್‌ಬರ್ಗೆನ್ ಅವರೊಡನೆ ಮತ್ತೆ ಭೇಟಿಯಾಯಿತು. ಸೆರೆಯಲ್ಲಿ ನೊಂದಿದ್ದ ಆ ಮಹನೀಯರು ಸ್ನೇಹಹಸ್ತವನ್ನು ನೀಡಿದರು.

ಜರ್ಮನಿಯ ಮಾಕ್ಸ್ ಪ್ಲಾಂಕ್ ಸಂಸ್ಥೆಯವರು ಅವರಿಗಾಗಿ ಮೊದಲು ಬುಲ್ಡರ್ನ್‌ನಲ್ಲಿ, ಅನಂತರ ಬವೇರಿಯಾದ ಸೇವೀಸನ್‌ನಲ್ಲಿ ಸಂಶೋಧನಾಲಯವನ್ನು ಏರ್ಪಡಿಸಿದರು. ಶಿಕ್ಷಕರಿಗೂ ತಾಯಂದಿರಿಗೂ ಮಹತ್ತ್ವದ್ದಾದ ಒಂದು ಸಂಗತಿ ನಡೆದುದು ಇದೇ ಕಾಲದಲ್ಲಿ. ಮಗು ತಾಯಿಯನ್ನು ಪ್ರೀತಿಸುವುದು ಹಾಲಿಗಾಗಿ ಎಂಬುದು ಅಂದಿನ ಮನಶ್ಶಾಸ್ತ್ರಜ್ಞರಲ್ಲಿ ಬೇರೂರಿದ್ದ ನಂಬಿಕೆ. ಇಂಗ್ಲೆಂಡಿನ ಮನೋವೈದ್ಯ ಜಾನ್ ಬೌಲ್ಬಿ ಲೊರೆಂಜರ ಹೆಬ್ಬಾತುಗಳ ವೃತ್ತಾಂತವನ್ನು ಓದಿದಾಗ ಈ ನಂಬಿಕೆ ಅಲುಗಾಡಿತು. ಹೆಬ್ಬಾತು ತನ್ನ ಮರಿಗೆ ಗುಟುಕು ಕೊಡುವುದಿಲ್ಲ. ಮರಿ ತಾನೇ ಹುಲ್ಲು ಮೇಯುತ್ತದೆ. ಆದರೂ ಅದು ತಾಯಿಯನ್ನು ಬಿಟ್ಟಿರಲಾರದು. ಹಾಗಾದರೆ ಸಾಮೀಪ್ಯದ ಹಂಬಲ ಹಸಿವೆಯಷ್ಟೇ ಮೂಲಭೂತವಾದುದು ಎಂದಾಯಿತು. 1953ರಿಂದ 1956ರವರೆಗೆ ವಿಶ್ವ ಆರೋಗ್ಯ ಸಂಸ್ಥೆ ನಡೆಸಿದ, ಶಿಶುವಿನ ಮಾನಸಿಕ ಬೆಳವಣಿಗೆಯ ಕುರಿತ ಗೋಷ್ಠಿಗಳಲ್ಲಿ ಬೌಲ್ಬಿ, ಲೊರೆಂಜ್, ಪಿಯಾಜೆ, ಮಾರ್ಗರೆಟ್ ಮೀಡ್ ಜೊತೆಗೂಡಿದರು. ಆಸ್ಪತ್ರೆ ಸೇರಿದ ಮಕ್ಕಳನ್ನು ತಾಯಿಯಿಂದ ದೂರವಿಡುವ ಕಠಿಣ ಪದ್ಧತಿ ಇಂಗ್ಲೆಂಡಿನಲ್ಲಿ ಕ್ರಮೇಣ ಸಡಿಲಗೊಂಡುದರ ಹಿಂದೆ ಬೌಲ್ಬಿ ಮತ್ತು ಅವರ ಸಂಗಡಿಗರ ಈ ವಿಚಾರಧಾರೆಯಿದೆ.

ಲೊರೆಂಜರ ಸಿದ್ಧಾಂತಕ್ಕೆ ಮುಂದಿನವರು ಮಾಡಿದ ತಿದ್ದುಪಡಿಗಳು ಸಿದ್ಧಾಂತದಷ್ಟೇ ಬೆಲೆಯುಳ್ಳವು. ಹುಟ್ಟಿನಿಂದ ಬಂದುದು ಮತ್ತು ಕಲಿತುದು ಎಂಬ ಅವರ ಕಟ್ಟುನಿಟ್ಟಾದ ವಿಭಜನೆಯನ್ನು ಅಮೆರಿಕದ ಡೇನಿಯಲ್ ಲೆರ್‌ಮನ್ 1953ರಲ್ಲಿಯೇ ಖಂಡಿಸಿದರು. ಎಕ್‌ಹಾರ್ಡ್ ಹೆಸ್ ಅವರು ಬಾತುಮರಿಗಳಲ್ಲಿ ಅಚ್ಚು ಗಾಢವಾಗಿ ಬೀಳುವುದು ಹುಟ್ಟಿದ 13ರಿಂದ 16 ಗಂಟೆಗಳ ಅವಧಿಯಲ್ಲಿ ಎಂದು ಕಂಡುಕೊಂಡರು. ಗಿಲ್ಬರ್ಟ್ ಗಾಟ್‌ಲೀಬ್ ಅವರ ಪ್ರಯೋಗಗಳಿಂದ ಕಲಿಕೆ ಮೊಟ್ಟೆಯೊಳಗೇ ಆರಂಭವಾಗುವುದೆಂದು ತಿಳಿಯಿತು: ಮೊಟ್ಟೆಯಲ್ಲಿದ್ದಾಗ ತನ್ನ ದನಿಯನ್ನೂ ಒಡಹುಟ್ಟಿದವರ ದನಿಯನ್ನೂ ಕೇಳದ ಮರಿ ತಾಯಿಯ ಕರೆಯನ್ನು ನಿಖರವಾಗಿ ಗುರುತಿಸಲಾರದು. ಕೇಂಬ್ರಿಜ್ಜಿನ ಪ್ಯಾಟ್ರಿಕ್ ಬೇಟ್‌ಸನ್ ಮೊದಲಾದವರು, ಅಚ್ಚೊತ್ತುವ ಕಾಲವು ಗಡಿಯಾರದಂತೆ ತಾನಾಗಿ ಮುಗಿಯುವುದಿಲ್ಲ, ಒಂದು ರೂಪ ಚೆನ್ನಾಗಿ ನೆಲೆಗೊಂಡುದರಿಂದಲೇ ಉಳಿದ ರೂಪಗಳಿಗೆ ಬಾಗಿಲು ಮುಚ್ಚುತ್ತದೆ ಎಂದು ತೋರಿಸಿದರು. ಕತ್ತಲಲ್ಲಿಟ್ಟ ಮರಿಗೆ ಆ ಬಾಗಿಲು ಇನ್ನಷ್ಟು ಹೊತ್ತು ತೆರೆದಿರುತ್ತದೆ. ಒಮ್ಮೆ ಬಿದ್ದ ಅಚ್ಚು ಕೆಲವು ಸಂದರ್ಭಗಳಲ್ಲಿ ಬದಲಾಗುವುದೂ ಉಂಟು. ಮನುಷ್ಯಶಿಶುವಿನ ಸ್ಥಿತಿಯಂತೂ ಬೇರೆಯೇ. 1970ರ ದಶಕದಲ್ಲಿ ಅಮೆರಿಕದ ಇಬ್ಬರು ವೈದ್ಯರು ತಾಯಿಮಗುವಿನ ಬಾಂಧವ್ಯಕ್ಕೆ ಹೆರಿಗೆಯಾದ ಮೊದಲ ಗಂಟೆಗಳೇ ನಿರ್ಣಾಯಕವೆಂದು ಸಾರಿದಾಗ ದತ್ತುಮಕ್ಕಳ ತಂದೆತಾಯಿಗಳು ವೃಥಾ ಕಳವಳಪಟ್ಟರು. ಅನಂತರದ ಪರೀಕ್ಷೆಗಳಲ್ಲಿ ಆ ಮತ ನಿಲ್ಲಲಿಲ್ಲ. ಕೂಸಿನ ಅಕ್ಕರೆ ತಿಂಗಳುಗಟ್ಟಲೆ ಎತ್ತಿ ಆಡಿಸಿದವರ ಮೇಲೆ, ಒಬ್ಬರಿಗಿಂತ ಹೆಚ್ಚು ಮಂದಿಯ ಮೇಲೆ, ಮೆಲ್ಲಮೆಲ್ಲನೆ ಬೆಳೆಯತಕ್ಕದ್ದು.

1973ರಲ್ಲಿ ವೈದ್ಯವಿಜ್ಞಾನದ ನೊಬೆಲ್ ಪಾರಿತೋಷಕವು ಲೊರೆಂಜ್, ಟಿನ್‌ಬರ್ಗೆನ್ ಹಾಗೂ ಜೇನುಹುಳುಗಳ ನರ್ತನದ ಅರ್ಥವನ್ನು ಬಿಡಿಸಿದ ಕಾರ್ಲ್ ಫಾನ್ ಫ್ರಿಶ್ ಮೂವರಿಗೂ ಕೂಡಿ ದೊರೆಯಿತು. ಆಗ ಹಳೆಯ ಲೇಖನಗಳು ಮತ್ತೆ ಚರ್ಚೆಗೆ ಬಂದವು. ಲೊರೆಂಜ್ ಅವುಗಳ ಬಗ್ಗೆ ವಿಷಾದಿಸಿದರು. ಆದರೆ ತಮ್ಮ ಮಾತುಗಳಿಗೆ ಆಳುವವರು ಕೊಲೆಯ ಅರ್ಥವನ್ನು ಹಚ್ಚಿಯಾರೆಂದು ಅಂದು ಊಹಿಸಿರಲಿಲ್ಲವೆಂದೂ, ಆ ಲೇಖನಗಳಿಂದ ತಮಗಾದ ಅಪಕೀರ್ತಿಗಿಂತ ತಮ್ಮ ಎಚ್ಚರಿಕೆಯ ಮಾತಿಗೆ ಮುಂದೆ ಮನ್ನಣೆ ದೊರೆಯದೆ ಹೋದುದೇ ಹೆಚ್ಚಿನ ಹಾನಿಯೆಂದೂ ಬರೆದರು. ಸತ್ತವರ ಸುದ್ದಿಯೇ ಇಲ್ಲದ ಈ ವಿಷಾದ ಅರ್ಧ ವಿಷಾದವೆಂದು ಹೇಳದೆ ವಿಧಿಯಿಲ್ಲ. ಸಾಲ್ಜ್‌ಬರ್ಗ್ ವಿಶ್ವವಿದ್ಯಾಲಯವು 1983ರಲ್ಲಿ ಅವರಿಗೆ ಇತ್ತಿದ್ದ ಗೌರವ ಡಾಕ್ಟರೇಟನ್ನು, ಅವರು ಕಾಲವಾಗಿ 26 ವರ್ಷಗಳಾದ ಮೇಲೆ, 2015ರಲ್ಲಿ ಹಿಂತೆಗೆದುಕೊಂಡಿತು.

ನಿವೃತ್ತಿಯ ತರುವಾಯ ಅವರು ಆಲ್ಟೆನ್‌ಬರ್ಗಿಗೆ ಮರಳಿದರು. ಹೆಬ್ಬಾತುಗಳು ಆಸ್ಟ್ರಿಯಾದ ಗ್ರ್ಯೂನೌ ಕಣಿವೆಗೆ ಬಂದವು. ಇಳಿವಯಸ್ಸಿನಲ್ಲಿ ಡ್ಯಾನ್ಯೂಬಿನ ದಂಡೆಯ ಕಾಡನ್ನು ಮುಳುಗಿಸಲಿದ್ದ ಹೈನ್‌ಬರ್ಗ್ ಜಲವಿದ್ಯುತ್ ಯೋಜನೆಯನ್ನು ಪ್ರತಿಭಟಿಸುವವರ ಮುಂದೆ ನಿಂತರು. 1985ರಲ್ಲಿ ಅವರ ಹೆಸರಿನಲ್ಲಿ ನಡೆದ ಜನಮನವಿಗೆ ಮೂರೂವರೆ ಲಕ್ಷಕ್ಕೂ ಹೆಚ್ಚು ಮಂದಿ ಸಹಿ ಮಾಡಿದರು. ಆ ಕಾಡು ಉಳಿಯಿತು. 1986ರಲ್ಲಿ ಮಾರ್ಗರೆಟೆ ಅಗಲಿದರು. 1989ರ ಫೆಬ್ರವರಿ 27ರಂದು, 85ನೆಯ ವಯಸ್ಸಿನಲ್ಲಿ, ಮೊದಲ ಬಾತುಮರಿ ತಮ್ಮ ಬೆನ್ನು ಹತ್ತಿದ ಆಲ್ಟೆನ್‌ಬರ್ಗಿನಲ್ಲಿಯೇ ಲೊರೆಂಜ್ ಕೊನೆಯುಸಿರೆಳೆದರು.

ಗ್ರ್ಯೂನೌ ಕಣಿವೆಯ ಸಂಶೋಧನಾಲಯ ಇಂದು ವಿಯೆನ್ನಾ ವಿಶ್ವವಿದ್ಯಾಲಯದ ಆಶ್ರಯದಲ್ಲಿದೆ. ಅಲ್ಲಿಯೇ ಹುಟ್ಟಿದ ಒಂದು ಕಾರ್ಯ ಲೋಕದ ಗಮನ ಸೆಳೆದಿದೆ. ವಾಲ್ಡ್‌ರಾಪ್ ಎಂಬ ಬೋಳುತಲೆಯ ಕೆಂಬರಲು ಹಕ್ಕಿ ಬೇಟೆಗೆ ಸಿಕ್ಕಿ ಮಧ್ಯ ಯುರೋಪಿನಿಂದ ಹದಿನೇಳನೆಯ ಶತಮಾನದಲ್ಲಿಯೇ ಮಾಯವಾಗಿದ್ದಿತು. ಮೃಗಾಲಯಗಳಲ್ಲಿ ಮರಿಗಳು ಹುಟ್ಟುತ್ತಿದ್ದವು. ಆದರೆ ಚಳಿಗಾಲಕ್ಕೆ ತೆಂಕಣ ದೇಶಕ್ಕೆ ಹೋಗುವ ಹಾದಿಯನ್ನು ತೋರುವ ಹಿರಿಯ ಹಕ್ಕಿಗಳಿರಲಿಲ್ಲ. ಯೋಹಾನ್ನೆಸ್ ಫ್ರಿಟ್ಸ್ ಎಂಬ ಜೀವಶಾಸ್ತ್ರಜ್ಞರು ಲೊರೆಂಜರ ಉಪಾಯವನ್ನೇ ಹಿಡಿದರು. ಈ ಮರಿಗಳು ಹೆಬ್ಬಾತಿನ ಮರಿಗಳಂತೆ ಹುಟ್ಟಿದ ದಿನವೇ ನಡೆಯತಕ್ಕವಲ್ಲ; ಗೂಡಿನಲ್ಲಿ ವಾರಗಟ್ಟಲೆ ಗುಟುಕು ಬೇಡತಕ್ಕವು. ಆದುದರಿಂದ ಸಾಕುತಾಯಂದಿರು ಎಳೆಯ ಮರಿಗಳ ಬಳಿ ದಿನವಿಡೀ ಕುಳಿತು, ಕೈಯಾರೆ ಉಣಿಸಿ, ಒಂದೇ ಕರೆಯಿಂದ ಕರೆದು ಬೆಳೆಸುತ್ತಾರೆ. ರೆಕ್ಕೆ ಬಲಿತ ಮೇಲೆ ಆಕೆ ಹಗುರವಾದ ಕಿರುವಿಮಾನದಲ್ಲಿ ಚಾಲಕನ ಹಿಂದೆ ಕುಳಿತು ಅದೇ ಕರೆಯನ್ನು ಕೂಗುತ್ತಾಳೆ. ಹಕ್ಕಿಗಳು ಬೆನ್ನು ಹತ್ತಿ ಹಾರುತ್ತವೆ. ಹೀಗೆ 2004ರಲ್ಲಿ ಅವು ಆಲ್ಪ್ಸ್ ಪರ್ವತಗಳನ್ನು ದಾಟಿ ಇಟಲಿಯ ಟಸ್ಕನಿ ಪ್ರಾಂತದ ಒರ್ಬೆಟೆಲ್ಲೊ ಸರೋವರವನ್ನು ಸೇರಿದವು. 2011ರಲ್ಲಿ ಗೋಯಾ ಎಂಬ ಹೆಣ್ಣುಹಕ್ಕಿ, ಮುಂದೆ ಯಾವ ವಿಮಾನವೂ ಇಲ್ಲದೆ, ಟಸ್ಕನಿಯಿಂದ ಬವೇರಿಯಾದ ಬುರ್ಗ್‌ಹೌಸನ್ ಪಟ್ಟಣಕ್ಕೆ ತಾನಾಗಿಯೇ ದಾರಿ ಹಿಡಿದು ಬಂದಿಳಿಯಿತು.